ಎಡಗಿವಿಗೆ ಕೇಳದ ಮಾತು

ಭಾನುವಾರ, ಮಧ್ಯಾಹ್ನ

ನನ್ನ ಗುಮ್ಮಾ,

ಒಂಬತ್ತು ವರ್ಷದ ಮೇಲೆ ಅಕ್ಕನ ಕಾಗದ ಬಂದಿದೆ ಅಂದರೆ ಯಾರೋ ಸತ್ತಿರಬೇಕು ಅಂದುಕೊಂಡಿರುತ್ತೀಯ. ಯಾರೂ ಸತ್ತಿಲ್ಲ ಕಣೋ. ಅಪ್ಪ ಒಂದೇ ಸಲ ಸತ್ತ. ಅವನ ಸ್ಟೀಲ್ ಸ್ಕೇಲು ಮಾತ್ರ ಗಟ್ಟಿಪಿಂಡ, ಇನ್ನೂ ಬದುಕಿದೆ. ಗುರುವಾರ ಸಂಜೆ ಅದು ನನ್ನ ಕೈಯಲ್ಲಿತ್ತು.

ಇದನ್ನು ನಿನಗೆ ಓದಿ ಹೇಳುತ್ತಿರುವುದು ನಿನ್ನ ಹೆಂಡತಿ ಅಂತ ಗೊತ್ತು. ತಂಗೀ, ಅವನ ಬಲಗಡೆ ಕೂತು ಓದು. ಎಡಗಿವಿ ಯಾಕೆ ಕೇಳುವುದಿಲ್ಲ ಅನ್ನುವುದೂ ಮುಂದೆ ಬರುತ್ತದೆ.

ನನ್ನ ಮಗಳಿಗೆ ಈಗ ಏಳು. ಮೊದಲ ಸಾಲಿನಲ್ಲಿ ‘ಮರ’ ಅಂತ ಓದಿದವಳು ಮೂರನೇ ಸಾಲಿನಲ್ಲಿ ಅದೇ ಮರದೆದುರು ಜನ್ಮದಲ್ಲೇ ಕಾಣದವಳಂತೆ ನಿಂತುಬಿಟ್ಟಳು. ಕಾಲೇಜಿನಲ್ಲಿ ಭಾಷೆ ಕಲಿಸುವವಳ ಮಗಳು! ನಾಟಕ ಆಡುತ್ತೀಯಾ ಅಂತ ಕೂಗಿದೆ. ಸ್ಕೇಲು ಎತ್ತಿದೆ, ಅಂಚಿನಿಂದಲೇ ಇಳಿಸಿದೆ. ಬೆರಳಿನ ಗೆಣ್ಣು ಸೀಳಿತು. ಪುಸ್ತಕದ ಮರಕ್ಕೆ ಕೆಂಪು ಹೂವು ಬಿಟ್ಟಿತು. ಎರಡನೇ ಸಲ ಎತ್ತಿದಾಗ ಅವಳು ಕೈ ಹಿಂದಕ್ಕೆಳೆಯಲಿಲ್ಲ, ಎಡಗಿವಿ ಮುಚ್ಚಿಕೊಂಡಳು. ಥೇಟ್ ನೀನೇ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಅಂದಿನಿಂದ ನನ್ನ ಹತ್ತಿರ ಒಂದೇ ಒಂದು ಮಾತಾಡಿಲ್ಲ.

ಮಕ್ಕಳ ಮಾತು, ಕಲಿಕೆ ನೋಡುವ ಡಾಕ್ಟರಮ್ಮನ ಹತ್ತಿರ ಹೋಗಿ ಅಂತ ಶಾಲೆಯವರು ತಿಂಗಳಿಂದ ಹೇಳುತ್ತಿದ್ದರು. ಶುಕ್ರವಾರ ಹೋದೆ. ಕೈಗೇನಾಯಿತು ಅಂತಲೇ ಮೊದಲು ಕೇಳಿದರು. ಬಾಗಿಲಿಗೆ ಸಿಕ್ಕಿತು ಅಂದೆ. ಮಗಳೂ ಹೌದು ಅಂತ ತಲೆಯಾಡಿಸಿದಳು.

ಆಮೇಲೆ ಒಂದೊಂದಾಗಿ ಕೇಳಿದರು. ಎರಡು ವರ್ಷಕ್ಕೆ ಎರಡು ಪದ ಜೋಡಿಸಿ ಆಡುತ್ತಿದ್ದಳಾ? ನಾಲ್ಕಕ್ಕೆ ಅವಳ ಮಾತು ಹೊರಗಿನವರಿಗೆ ತಿಳಿಯುತ್ತಿತ್ತಾ? ಅವರು ಕೇಳಿದ್ದು ಅವಳನ್ನು, ನನಗೆ ಕಂಡಿದ್ದು ನೀನು. ಎರಡಕ್ಕೆ ನೀರು ಬೇಕಾದರೆ ನನ್ನ ಲಂಗ ಹಿಡಿದು ಕೊಡದ ಹತ್ತಿರ ಎಳೆಯುತ್ತಿದ್ದೆ. ನಾಲ್ಕಕ್ಕೆ ನಿನ್ನ ಮಾತನ್ನು ಅಪ್ಪನ ಅಂಗಡಿಯ ಗಿರಾಕಿಗಳಿಗೆ ಅನುವಾದಿಸುವ ಏಕೈಕ ಪಂಡಿತೆ ನಾನು. ಏಳಕ್ಕೆ ‘ಮ’, ‘ವ’ ನಿನಗೆ ಅವಳಿಜವಳಿ. ಹತ್ತಕ್ಕೆ ಕೇಳಿದ ಕಥೆಯೆಲ್ಲ ಬಾಯಲ್ಲಿ, ಬರೆ ಅಂದರೆ ಹೊಟ್ಟೆನೋವು. ಈಗ ಚೀಟಿ ಕೊಟ್ಟವರಿಗೆ ಕನ್ನಡಕ ಮರೆತು ಬಂದೆ ಅನ್ನುತ್ತೀಯಂತೆ. ನಿನಗೆ ಕನ್ನಡಕ ಎಲ್ಲಿದೆಯೋ?

ಇವೆಲ್ಲ ಓದು-ಬರಹ ಕಷ್ಟವಾಗುವ ಒಂದು ತೊಂದರೆಯ ಗುರುತುಗಳಂತೆ. ದಡ್ಡತನ ಅಲ್ಲ, ಬೇರೆ ದಾರಿಯಲ್ಲಿ ಕಲಿಸಿದರೆ ಕಲಿಯುತ್ತಾರಂತೆ. ನಮ್ಮ ಮನೆಯಲ್ಲಿ ಇದಕ್ಕೆ ಹಟ, ಕೊಬ್ಬು, ಸೋಮಾರಿತನ ಅಂತ ಮೂರು ಹೆಸರು, ಮದ್ದು ಒಂದೇ.

ಅಪ್ಪನ ಫೋಟೋ ಫ್ರೇಮಿನ ಅಂಗಡಿಯ ಹಿಂದಿನ ಕೋಣೆ ನೆನಪಿದೆಯಲ್ಲ. ಗೋಡೆಗೊರಗಿಸಿದ ಗಾಜು, ಮೊಳೆ ಡಬ್ಬಿ, ನಡುವೆ ಎದುರುಬದುರು ನಾವಿಬ್ಬರು. ಸರಿ ಹೇಳಿದವರು ತಪ್ಪು ಹೇಳಿದವರಿಗೆ ಆ ಸ್ಕೇಲಿನಿಂದ ಹೊಡೆಯಬೇಕು. ಮೆತ್ತಗೆ ಹೊಡೆದರೆ ಅಪ್ಪನಿಂದ ನನಗೆ ಬಡ್ಡಿ ಸಮೇತ. ಅಕ್ಷರಕ್ಕೊಂದು ಏಟು, ನಾನು ನಿನ್ನನ್ನು ಅಕ್ಷರಶಃ ಹೊಡೆದವಳು. ಅಮ್ಮ ನನ್ನನ್ನು ಬಾಯಿಬಡುಕಿ ಅನ್ನುತ್ತಿದ್ದಳು. ಬಡಿಯುವ ವಿದ್ಯೆ ಕೈಗೂ ಇಳಿದಿತ್ತು.

ನಿನಗೆ ಎಂಟು, ನನಗೆ ಹನ್ನೊಂದು. ಅವತ್ತು ನೀನು ಒಂದೇ ಪದಕ್ಕೆ ನಾಲ್ಕು ಸಲ ತಪ್ಪಿದೆ. ಅಪ್ಪ ಬಾಗಿಲಲ್ಲೇ ನಿಂತಿದ್ದ, ನಾನೇನು ಮಾಡಲಿ? ಕೈ ಪೂರ್ತಿ ಬೀಸಿ ನಿನ್ನ ಎಡಗಿವಿಗೆ ಬಾರಿಸಿದೆ. ನೀನು ಗಾಜಿನ ಮೇಲೆ ಹೋಗಿ ಬಿದ್ದೆ. ಮೊಣಕೈಯಿಂದ ಚೂರು ಆರಿಸಿದ್ದಾಯಿತು, ಹೊಲಿಗೆ ಹಾಕಿಸಿದ್ದಾಯಿತು. ಕಿವಿಯಿಂದ ಇಳಿದ ರಕ್ತ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ. ಜಾರಿ ಬಿದ್ದ ಅಂದೆ. ನೀನೂ ಹೌದು ಅಂತ ತಲೆಯಾಡಿಸಿದೆ.

ಒಂಬತ್ತು ವರ್ಷದ ಹಿಂದೆ ಅಪ್ಪ ಹೋದಾಗ ನೀನು ಕೇಳಿದ್ದು ಆ ಸ್ಕೇಲೊಂದನ್ನೇ, ಬಗ್ಗಿಸಿ ಬಿಸಾಕುವುದಕ್ಕೆ. ನೆನಪಿಗಿರಲಿ ಅಂತ ನಾನು ಕೊಡಲಿಲ್ಲ. ನೀನು ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದೆ, ನಾನು ಕಿರುಚಿದೆ. ಓಡಿಬಂದವರು ನಿನ್ನನ್ನು ಹೊಡೆದು ಹೊರಗೆ ದಬ್ಬಿದರು, ಮೃಗ ಅಂದರು. ಎಲ್ಲರಿಗೂ ಮಾತು ಕಲಿಸುವ ನಾನು ಅಂದು ತುಟಿ ಬಿಚ್ಚಲಿಲ್ಲ.

ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ ಅಂತಲೂ ಡಾಕ್ಟರಮ್ಮ ಕೇಳಿದರು. ಇಲ್ಲ ಅಂದುಬಿಟ್ಟೆ. ಬುಧವಾರ ಮತ್ತೆ ಹೋಗಬೇಕು. ಆ ಸುಳ್ಳನ್ನೂ ಬಾಗಿಲಿನ ಸುಳ್ಳನ್ನೂ ನಾನೇ ವಾಪಸು ತಗೊಳ್ಳುತ್ತೇನೆ. ನೀನು ಬಂದು ಪಕ್ಕದಲ್ಲಿ ಕೂರು. ಅಳತೆ ಬರೆದುಕೊಳ್ಳದೆ, ದಾರಕ್ಕೆ ಗಂಟು ಹಾಕಿ ಕೂದಲೆಳೆಯೂ ತಪ್ಪದಂತೆ ಗಾಜು ಕೊಯ್ಯುತ್ತೀಯಲ್ಲ, ಅದನ್ನು ಅವಳಿಗೆ ತೋರಿಸು. ತನ್ನಂಥವನು ಇನ್ನೊಬ್ಬ ಇದ್ದಾನೆ ಅಂತ ಅವಳು ನೋಡಲಿ. ನಿನ್ನ ಜೊತೆ ಬರುತ್ತೇನೆ ಅಂದರೆ ಕರಕೊಂಡು ಹೋಗು. ನನ್ನ ಕೈಗೆ ಬುದ್ಧಿ ಬರುವವರೆಗೆ ಅವಳು ನನ್ನ ಕೈಗೆ ಸಿಗದಿರಲಿ.

ಸ್ಕೇಲನ್ನು ಈ ಕಾಗದದ ಜೊತೆಗೇ ಕಟ್ಟಿ ಕಳಿಸಿದ್ದೇನೆ. ಬಗ್ಗಿಸು.

ನಿನ್ನ ಬಾಯಿಬಡುಕಿ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ತಂಗೀ, ಇದನ್ನು ಗಟ್ಟಿಯಾಗಿ ಓದು. ಕಿವಿಗೆ ಹೊಡೆದ ಆ ದಿನ ಅಪ್ಪ ಬಾಗಿಲಲ್ಲಿ ನಿಂತಿರಲಿಲ್ಲ. ಗಿರಾಕಿಯ ಮನೆಗೆ ಗಾಜು ಕೂರಿಸಲು ಹೋಗಿದ್ದ. ಪಾಠ ಇಟ್ಟವಳೂ ನಾನೇ, ಹೊಡೆದವಳೂ ನಾನೇ. ಸರಿ ಹೇಳಿ ಹೊಡೆಯುವುದು ನನಗೆ ಅಷ್ಟು ರುಚಿ ಹತ್ತಿತ್ತು. ಇದು ನಿನ್ನ ಗಂಡನಿಗೆ ಮೊದಲಿಂದಲೂ ಗೊತ್ತು. ಯಾರಿಗೂ ಹೇಳಲಿಲ್ಲ. ಅವನಿಗೆ ಮಾತು ಬರುವುದಿಲ್ಲ ಅಂತ ನಾವೆಲ್ಲ ನಂಬಿದ್ದೆವು.