ಕರಡಿಗೆಯೊಳಗಿನ ಕಲ್ಲು

ನವುಲೆ, ಶಿವಮೊಗ್ಗ
೧೭ ಫೆಬ್ರುವರಿ ೨೦೨೫, ಸೋಮವಾರ

ಪ್ರೀತಿಯ ಅಭಯಾ,

...ಪ್ರಾಣಿಯನ್ನು ನೋಡಬೇಡ, ಪ್ರಾಣಿ ಯಾವ ಕಡೆ ನೋಡುತ್ತಿದೆಯೋ ಆ ಕಡೆ ನೋಡು ಎಂದದ್ದು ನೀನೋ ಹಾಲಸ್ವಾಮಿಯೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ವಾರದಿಂದ ಅದೊಂದೇ ಮಾತು ತಲೆಯಲ್ಲಿ ಕೂತಿದೆ. ನಿಮ್ಮಿಬ್ಬರಲ್ಲಿ ಒಬ್ಬರು ಹೇಳಿದ್ದಿರಿ, ಇನ್ನೊಬ್ಬರು ತಲೆಯಾಡಿಸಿದ್ದಿರಿ. ಆಗೆಲ್ಲ ನೀವು ಆಡಿದ ಮಾತು ಯಾರದು ಎಂದು ಬೇರೆ ಮಾಡುವುದು ಕಷ್ಟವಿತ್ತು.

ಹೇಗಿದ್ದೀಯ? ಭುಜದ ನೋವು ಕಡಿಮೆಯಾಯಿತೇ? ಹನ್ನೊಂದು ವರ್ಷ ಹಾಲಸ್ವಾಮಿಯ ಹಿಂದೆ ಕ್ಯಾಮೆರಾ ಹೊತ್ತು ನಿನ್ನ ಬಲಭುಜ ಒಂದು ಬೆರಳು ಕೆಳಗಿಳಿದಿದೆ ಎಂದು ನಿನ್ನ ಅತ್ತಿಗೆ ಶಾಂಭವಿ ಹಂಗಿಸುತ್ತಿದ್ದಳು, ಈಗ ಅದನ್ನೇ ನೆನೆಯುತ್ತಾಳೆ. ಕಾರವಾರದಲ್ಲಿ ಸೆಕೆ ಆಗಲೇ ಶುರುವಾಗಿರಬೇಕು. ಈಗ ಮದುವೆ ವಿಡಿಯೋ ತೆಗೆಯುತ್ತೇನೆ, ಮದುಮಕ್ಕಳು ಹಾವಿಗಿಂತ ಜಾಸ್ತಿ ಅಲುಗಾಡುತ್ತಾರೆ ಎಂದು ನೀನು ಕಳಿಸಿದ ಒಂದೇ ಒಂದು ಕಾರ್ಡಿನಲ್ಲಿ ಬರೆದಿದ್ದೆ. ನಾವು ಚೆನ್ನಾಗಿದ್ದೇವೆ. ಶಾಂಭವಿಯ ಬಿಪಿ ಹತೋಟಿಯಲ್ಲಿದೆ. ಕವನಳಿಗೆ ಮುಂದಿನ ತಿಂಗಳು ಪಿಯು ಪರೀಕ್ಷೆ, ಚಿಕ್ಕಪ್ಪ ಯಾವಾಗ ಬರ್ತಾರೆ ಎಂದು ಕೇಳುವುದನ್ನು ಅವಳು ಬಿಟ್ಟಿದ್ದಾಳೆ. ನಿನ್ನ ಹಳೆಯ ನಂಬರಿಗೆ ಮಾಡಿದ ಮೆಸೇಜುಗಳಿಗೆಲ್ಲ ಒಂದೇ ಟಿಕ್. ಅದಕ್ಕೇ ಈ ಕಾಗದ. ನಾಳೆ ಬೆಳಿಗ್ಗೆ ಸ್ಪೀಡ್ ಪೋಸ್ಟ್ ಮಾಡಿದರೆ ಬುಧವಾರವೋ ಗುರುವಾರವೋ ನಿನ್ನ ಕೈಗೆ ಸಿಗಬಹುದು.

ಹಾಲಸ್ವಾಮಿ ಹೋದದ್ದು ನಿನಗೂ ಗೊತ್ತಾಗಿರುತ್ತದೆ. ಟಿವಿ ಇರುವ ಕಡೆಯೆಲ್ಲ ಗೊತ್ತಾಗಿದೆ. ಆದರೆ ಹೇಗೆ ಹೋದ ಎಂಬುದನ್ನು ಒಂದೊಂದು ಚಾನೆಲ್ ಒಂದೊಂದು ರೀತಿ ಹೇಳಿದ್ದರಿಂದ ನಾನು ಕೇಳಿಸಿಕೊಂಡದ್ದನ್ನು ಬರೆಯುತ್ತೇನೆ. ಮಂಗಳವಾರ ಮಧ್ಯಾಹ್ನ ಭದ್ರಾವತಿಯಿಂದ ಇಲ್ಲಿಗೆ ಬರುವಾಗ ದಾರಿಯಲ್ಲಿ ಜೀಪಿನ ಚಕ್ರ ಪಂಕ್ಚರ್ ಆಯಿತು. ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಕೂತ, ಅಷ್ಟೆ. ಅಂಗಡಿಯವನು ನನ್ನ ಕೈ ಹಿಡಿದುಕೊಂಡು ಹೇಳಿದ: "ನಿದ್ದೆ ಮಾಡ್ತಿದಾರೆ ಅಂದ್ಕೊಂಡೆ ಸಾರ್. ಪಾಪ, ಕಾಡೆಲ್ಲ ಸುತ್ತಿ ಸುಸ್ತಾಗಿರ್ತಾರೆ ಅಂತ ಕಂಪ್ರೆಸರ್ ಆಫ್ ಮಾಡಿ ಕೂತಿದ್ದೆ." ಅವನು ಮುಕ್ಕಾಲು ಗಂಟೆ ಹಾಗೆ ಸದ್ದು ಮಾಡದೆ ಕೂತಿದ್ದನಂತೆ. ಡಾಕ್ಟರು ಹೃದಯ ಎಂದರು. ನಲವತ್ತನಾಲ್ಕು ವರ್ಷ. ಊರಿಗೆ ಇದು ಸಾಲಲಿಲ್ಲ. ಟಿವಿಯಲ್ಲಿ ಚಿರತೆಯ ಮುಂದೆ ನಿಂತವನು, ಕಾಳಿಂಗ ಹಿಡಿದವನು ಪಂಕ್ಚರ್ ಅಂಗಡಿಯ ಕುರ್ಚಿಯಲ್ಲಿ ಸಾಯುವುದೆಂದರೆ ಅವರಿಗೆ ಮೋಸವಾದಂತೆ. ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲೇ ಒಬ್ಬರು, "ಹಾವು ಕಚ್ಚಿದ್ದನ್ನ ಮುಚ್ಚಿಟ್ಟಿದಾರೆ ಬಿಡಿ ಪ್ರಸನ್ನಕುಮಾರ್, ನಿಮಗೂ ಹೇಳಿಲ್ಲ ಅನ್ಸುತ್ತೆ" ಎಂದರು. ಸತ್ತವನು ನನ್ನ ಸೋದರತ್ತೆಯ ಮಗ ಎಂದು ಗೊತ್ತಿದ್ದೂ ಹಾಗೆಂದರು.

ಆ ರಾತ್ರಿ ಬೆಳಗಾಗುವುದರೊಳಗೆ ಗೋಪಿ ಸರ್ಕಲ್ಲಿನಿಂದ ಕೋಟೆಯವರೆಗೆ ಫ್ಲೆಕ್ಸುಗಳು ಎದ್ದವು. ತ್ಯಾವರೆಕೊಪ್ಪದ ಸಫಾರಿ ಗೇಟಿನ ಹತ್ತಿರ ಶಾಲೆಯ ಮಕ್ಕಳು ಸೇವಂತಿಗೆ ಹೂವನ್ನೂ ತಾವೇ ಬರೆದ ಹುಲಿಯ ಚಿತ್ರಗಳನ್ನೂ ಇಟ್ಟುಹೋಗಿದ್ದಾರೆ. ಕವನ ಹೋಗಲೇಬೇಕು ಎಂದಳು, ಕರೆದುಕೊಂಡು ಹೋದೆ. ಅಲ್ಲಿ ಅಳುತ್ತಿದ್ದ ಯಾರೂ ಅವನನ್ನು ಕಂಡವರಲ್ಲ. ಅವರ ಅಳು ಸುಳ್ಳಲ್ಲ, ಅದೇ ನನಗೆ ಬಿಡಿಸಲಾಗದ ವಿಷಯ. ನಾನು ಅವನನ್ನು ಚಡ್ಡಿ ಹಾಕುವ ಕಾಲದಿಂದ ಕಂಡವನು, ಒಣಗಿದ ಕಣ್ಣಿನಲ್ಲಿ ನಿಂತಿದ್ದೆ. ಎಲ್ಲ ಫ್ಲೆಕ್ಸಿನಲ್ಲೂ ಒಂದೇ ಫೋಟೋ: ಹೆಗಲ ಮೇಲೆ ಕಾಡುಪಾಪ ಕೂರಿಸಿಕೊಂಡು ನಗುತ್ತಿರುವುದು. ಪಕ್ಕದವರನ್ನು ಕತ್ತರಿಸಿದ್ದಾರೆ. ಆದರೆ ಬಲಮೂಲೆಯಲ್ಲಿ ಒಂದು ಮೊಣಕೈ ಉಳಿದುಹೋಗಿದೆ. ಅದು ನಿನ್ನದು. ಊರ ತುಂಬ ಒಂದಾಳುದ್ದದ ಮೊಣಕೈಯಾಗಿ ನಿಂತಿದ್ದೀಯ. ಟಿವಿಯಲ್ಲೂ ಅಷ್ಟೆ. ಹಗಲಿಡೀ ಹಳೆಯ ಕಂತುಗಳನ್ನು ಹಾಕಿದರು. ಅವನು ನಮ್ಮನ್ನೇ ನೋಡಿ ಮಾತಾಡುತ್ತಿದ್ದ ಎಂದು ಜನ ಮೈಕಿನ ಮುಂದೆ ಬಿಕ್ಕುತ್ತಾರೆ. ಗಮನವಿಟ್ಟು ನೋಡಿದೆ. ಅವನು ಲೆನ್ಸನ್ನು ನೋಡುವುದೇ ಇಲ್ಲ. ಸ್ವಲ್ಪ ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ, ನಿನ್ನ ಮುಖ ಇರುತ್ತಿದ್ದ ಕಡೆ ನೋಡುತ್ತಾನೆ.

ಬುಧವಾರ ಭದ್ರಾವತಿಯಲ್ಲಿ ಹೈಸ್ಕೂಲ್ ಮೈದಾನದಲ್ಲಿ ದರ್ಶನಕ್ಕಿಟ್ಟರು. ನಮ್ಮ ಪದ್ಧತಿಯಂತೆ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಅಭಿಮಾನಿ ಸಂಘದವರು ಅವನ ಹಸಿರು ಟೋಪಿ ತಂದು ತಲೆಗಿಟ್ಟರು. ಕಾಶಮ್ಮತ್ತೆ ಎದ್ದು ಬಂದು, "ತೆಗೀರಪ್ಪ ಅದನ್ನ. ಶಿವನ ಹತ್ರ ಟೋಪಿ ಹಾಕ್ಕೊಂಡು ಹೋಗ್ತಾನಾ?" ಎಂದು ತಾನೇ ತೆಗೆದು ಸೆರಗಿನಲ್ಲಿ ಇಟ್ಟುಕೊಂಡಳು. ಅವಳ ಕ್ವಾರ್ಟರ್ಸಿನ ಪಕ್ಕದ ಮನೆಯ ತಮಿಳು ಅಜ್ಜಿ ಕಾಫಿ ಫ್ಲಾಸ್ಕ್ ಹಿಡಿದು ಬೆಂಗಾವಲಿಗೆ ನಿಂತಂತೆ ನಿಂತಿತ್ತು. ಮೈಕ್ ಹಿಡಿದು ಬಂದವರಿಗೆಲ್ಲ, "ಪೋಂಗಪ್ಪಾ, ಸಾಕು. ಪೆತ್ತ ತಾಯಿಗೆ ಏನು ಕೇಳ್ತೀರಾ?" ಎನ್ನುತ್ತಿತ್ತು.

ಈಗ ಬರೆಯಬೇಕಾದ್ದಕ್ಕೆ ಬರುತ್ತೇನೆ. ರುದ್ರಭೂಮಿಯಲ್ಲಿ ಗುಂಡಿಯ ಸುತ್ತ ಮನೆಯವರಷ್ಟೇ ಇದ್ದೆವು, ಹಗ್ಗದಾಚೆ ಜನ ಜೈಕಾರ ಹಾಕುತ್ತಿದ್ದರು. ಅಯ್ಯನವರು ಎಡ ಅಂಗೈಯಲ್ಲಿ ಲಿಂಗ ಇಡಲೆಂದು ಅವನ ಕೊರಳ ಕರಡಿಗೆ ಬಿಚ್ಚಿದರು. ಒಳಗೆ ಲಿಂಗ ಇರಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಒಂದು ಕಲ್ಲಿತ್ತು, ಭದ್ರಾ ಹೊಳೆಯಲ್ಲಿ ಸಿಗುವಂಥ ಕಪ್ಪು ನುಣ್ಣನೆಯದು. ಅಯ್ಯನವರು ನನ್ನನ್ನು ನೋಡಿದರು, ನಾನು ಕಲ್ಲನ್ನು ನೋಡಿದೆ. ಅವರ ಜೋಳಿಗೆಯಲ್ಲಿ ಹೊಸ ಲಿಂಗವಿತ್ತು, ಕೈಹಾಕಿದರು. ಅತ್ತೆ ತಡೆದಳು. "ಮೂರು ವರ್ಷದಿಂದ ಅದಕ್ಕೇ ವಿಭೂತಿ ಹಚ್ಚಿ ಪೂಜೆ ಮಾಡಿದಾನೆ ಅಯ್ಯಾ. ಅದನ್ನೇ ಇಡಿ." ಅವಳ ದನಿ ಅಕ್ಕಿ ತೂಕ ಹೇಳುವವರ ದನಿಯಂತಿತ್ತು. ಅವರು ಇಟ್ಟರು. ಆಮೇಲೆ ಮೆಲ್ಲಗೆ, "ಅವರ ಲಿಂಗ ಸಿಕ್ಕಿದ್ರೆ ಹನ್ನೊಂದನೇ ದಿನದೊಳಗೆ ತಂದ್ಬಿಡಿ ತಾಯಿ. ಮಣ್ಣು ಇನ್ನೂ ಹಸಿ ಇರುತ್ತೆ" ಎಂದರು.

ಆ ದಿನ ಮನೆಗೆ ಹೋದ ಮೇಲೆ ಅತ್ತೆ ಎಲ್ಲ ಹೇಳಿದಳು. ಹಾವಿನ ಮುಂದೆ ಬಗ್ಗಿದರೆ ಕರಡಿಗೆ ಜೋಲಾಡುತ್ತದೆ, ಹಾವು ಅದಕ್ಕೇ ಹೊಡೆಯಲು ಬರುತ್ತದೆ ಎಂದು ಅವನು ಪ್ರತಿ ಶೂಟಿಂಗಿಗೂ ಅದನ್ನು ತೆಗೆದು ನಿನ್ನ ಕೊರಳಿಗೆ ಹಾಕುತ್ತಿದ್ದ ಎಂಬುದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ಮೈಮೇಲಿಂದ ಲಿಂಗ ತೆಗೆಯುವುದೆಂದರೆ ಪ್ರಾಣ ತೆಗೆದ ಹಾಗೆ ಎಂದು ಬೈದಿದ್ದಳಂತೆ. ಅವನು, "ಪ್ರಾಣ ಅವನ ಹತ್ರ ಕೊಟ್ಟಿರ್ತೀನಿ ಕಣಮ್ಮ, ಅದಕ್ಕೇ ಹಾವು ಏನೂ ಮಾಡಲ್ಲ" ಎಂದು ನಕ್ಕನಂತೆ. ಆ ಹೆಬ್ಬಾವಿನ ದಿನ ನೀವು ಜಗಳವಾಡಿ ಬೇರೆಯಾದಿರಲ್ಲ, ಅಂದು ಅವನು ಬರಿಗೊರಳಲ್ಲಿ ಮನೆಗೆ ಬಂದ. ಮಾರನೆಯ ದಿನ ಹೊಸ ಕರಡಿಗೆ ಬಂತು. "ಹೆತ್ತವಳಿಗೆ ಗೊತ್ತಾಗಲ್ವೇನೋ ಪ್ರಸನ್ನ, ಪೂಜೆಗೆ ಗೋಡೆ ಕಡೆ ತಿರುಗಿ ಕೂರೋನು" ಎಂದಳು.

ಹೆಬ್ಬಾವಿನ ವಿಷಯದಲ್ಲಿ ನೀನು ಅವನನ್ನು ಬಿಟ್ಟು ಬಂದದ್ದು ಸರಿ. ಕಾಡಿಗೆ ಬಿಡುವ ದೃಶ್ಯ ಚೆನ್ನಾಗಿ ಬರಲಿಲ್ಲವೆಂದು "ಇನ್ನೊಂದ್ ಟೇಕ್ ಮಾರಾಯ" ಎನ್ನುತ್ತ ಅವನು ಅದನ್ನು ಹಿಡಿದು ಹಿಡಿದು ಬಿಟ್ಟು, ನಾಲ್ಕನೆಯ ಸಲಕ್ಕೆ ಅದು ಸತ್ತದ್ದನ್ನು ನೀನು ನನಗೆ ಹೇಳಿದ ದಿನವೇ ನಾನು ಹಾಗೆಂದೆ, ಈಗಲೂ ಅನ್ನುತ್ತೇನೆ. ಆದರೆ ಆಮೇಲಿನ ಕಂತುಗಳನ್ನು ನೀನು ನೋಡಿರಲಾರೆ. ಅವನು ಪ್ರಾಣಿಗಳನ್ನು ಮುಟ್ಟುವುದನ್ನೇ ಬಿಟ್ಟಿದ್ದ. ದೂರ ನಿಂತು, ಕೈಕಟ್ಟಿ ತೋರಿಸುತ್ತಿದ್ದ. ಜನ ಅದನ್ನು ಮಾಗಿದ್ದು ಎಂದರು. ಕೊರಳಲ್ಲಿರುವುದನ್ನು ಬಿಚ್ಚಿಕೊಡಲು ಎದುರಿಗೆ ಯಾರೂ ಇರಲಿಲ್ಲ ಎಂದು ಈಗ ನನಗನ್ನಿಸುತ್ತದೆ.

ಹನ್ನೊಂದನೆಯ ದಿನ ಇದೇ ಶುಕ್ರವಾರ. ಅಂದು ಬೆಳಿಗ್ಗೆ ಶಿವಗಣಾರಾಧನೆ. ಮಧ್ಯಾಹ್ನ ಅಭಿಮಾನಿ ಸಂಘದವರು ಸಮಾಧಿಯ ಮೇಲೆ ಕಾಂಕ್ರೀಟ್ ಹಾಕುತ್ತಾರೆ, ಅದರ ಮೇಲೆ ಐದು ಹೆಡೆಯ ನಾಗನ ಕೆಳಗೆ ಅವನ ಪ್ರತಿಮೆ ಬರುತ್ತದಂತೆ. ಬೇಡವೆನ್ನಲು ಅತ್ತೆಗೆ ಶಕ್ತಿಯಿಲ್ಲ. ಕಾಂಕ್ರೀಟ್ ಬಿದ್ದ ಮೇಲೆ ಅಯ್ಯನವರು ಹೇಳಿದ ಹಸಿಮಣ್ಣು ಇರುವುದಿಲ್ಲ. ಅವನ ಲಿಂಗ ನಿನ್ನ ಹತ್ತಿರವಿದ್ದರೆ ಗುರುವಾರ ರಾತ್ರಿಯ ಬಸ್ಸಿಗಾದರೂ ಹೊರಟು ಬಾ. ಆ ಹಸಿರು ಕ್ಯಾಮೆರಾ ಚೀಲದ ಪಕ್ಕದ ಜೇಬು ನೋಡು, ಅಲ್ಲಿ ಬಿದ್ದಿರುವುದೂ ಸಾಧ್ಯ. ಅತ್ತೆ ನಿನಗೆ ಹೇಳಿಕಳಿಸಿದ ಮಾತು ಇಷ್ಟೇ: "ಅವನು ಸಿಟ್ಟಿನಲ್ಲಿ ಹೊಳೆಗೆ ಎಸೆದಿದ್ರೂ ಬೈಯಲ್ಲ. ಎಸೆದೆ ಅಂತ ಬಂದು ಹೇಳಲಿ. ಊಟ ಮಾಡ್ಕೊಂಡು ಹೋಗಲಿ."

ಶಾಂಭವಿ, ಕವನ ನಿನ್ನನ್ನು ನೆನೆದಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ತಣ್ಣಗಿರು ಎಂದು ಅಪ್ಪ ಇದ್ದಿದ್ದರೆ ಬರೆಯುತ್ತಿದ್ದರು. ಅವರ ಜಾಗದಲ್ಲಿ ನಾನು ಬರೆಯುತ್ತಿದ್ದೇನೆ.

ನಿನ್ನ ಅಣ್ಣ,
ಪ್ರಸನ್ನ

ಮರೆತೆ ಎನ್ನಲಾರೆ, ಬಿಟ್ಟಿದ್ದೆ. ಲಕೋಟೆ ಅಂಟಿಸುವ ಮುನ್ನ ಬರೆಯುತ್ತಿದ್ದೇನೆ. ದೀಪಾವಳಿಯ ಮಾರನೆಯ ದಿನ ಹಾಲಸ್ವಾಮಿ ಇಲ್ಲಿಗೆ ಬಂದಿದ್ದ. ನನ್ನ ಮೇಜಿಗೆ ಮೊಣಕೈ ಊರಿ ಕೂತು, "ಅಭಯನ ಅಡ್ರೆಸ್ ಇದೆಯಾ ಅಣ್ಣಾ?" ಎಂದ. ನಿನ್ನ ಕಾರ್ಡು ಆ ಮೇಜಿನ ಡ್ರಾಯರಿನಲ್ಲೇ, ಅವನ ಮೊಣಕೈ ಕೆಳಗೇ ಇತ್ತು. ಯಾರು ಕೇಳಿದರೂ ಕೊಡಬೇಡ ಎಂದು ನೀನು ಬರೆದಿದ್ದೆ. ಯಾರ ನಡುವೆಯೂ ಬರಬಾರದು ಎಂಬುದು ನನ್ನ ಸ್ವಭಾವ, ಅದನ್ನು ನಾನು ಒಳ್ಳೆಯತನ ಎಂದುಕೊಂಡಿದ್ದೆ. ಗೊತ್ತಿಲ್ಲ ಎಂದೆ. ಲಿಂಗದ ಮಾತು ಅವನು ಎತ್ತಲೇ ಇಲ್ಲ. ಎದ್ದು ಹೋಗುವಾಗ ಚಪ್ಪಲಿ ಮೆಟ್ಟುತ್ತ, "ಸಿಕ್ಕಿದ್ರೆ ಹೇಳು. ಒಳಗೆ ಬರಲ್ಲ, ಬಾಗಿಲಲ್ಲಿ ನಿಂತು ಮಾತಾಡಿಸಿ ಬರ್ತೀನಿ" ಎಂದ. ಅವನು ಅಷ್ಟು ದೂರ ಬಂದು ಬಾಗಿಲಲ್ಲಿ ನಿಂತಿದ್ದರೆ ನೀನು ತೆಗೆಯುತ್ತಿದ್ದೆಯಾ, ಅಭಯಾ?