ಏಳನೆಯ ಅಂಕಣದ ಕೊಸರು

ದೊಡ್ಡಂಗಡಿ, ಹಳೇ ಬೈಪಾಸ್, ಹುಬ್ಬಳ್ಳಿ
ಸಂತೆವಾರ, ವೈಶಾಖ, ಕ್ರಿ.ಶ. ೨೧೯೪

ದೊಡ್ಡಂಗಡಿಯ ಮೊದಲ ಕಟ್ಟಡಕ್ಕೆ ಪಾಯ ತೋಡಲು ಹೊರಟಿರುವ ಹಿರಿಯರಿಗೆ, ಅದರ ಏಳನೆಯ ವಿಸ್ತರಣೆಯನ್ನು ಕಟ್ಟಿಸಿದ ಮುಖ್ಯ ಕಟ್ಟಾಳು ಚಂಪಾವತಿ ಬಾರಕೇರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಿಮಗೆ ವಾರಕ್ಕೆ ಏಳು ದಿನ, ನಮಗೆ ಎಂಟು. ಶನಿವಾರಕ್ಕೂ ಭಾನುವಾರಕ್ಕೂ ನಡುವೆ ಸಂತೆವಾರ ಎಂಬ ಒಂದು ದಿನವನ್ನು ನಾವು ತುರುಕಿಕೊಂಡಿದ್ದೇವೆ. ಪಂಚಾಂಗದವರು ಎರಡು ತಲೆಮಾರು ಜಗಳವಾಡಿದರು. ಕೊನೆಗೆ ಅವರೇ ಆ ದಿನ ಚೀಲ ಹಿಡಿದು ಬರತೊಡಗಿದ ಮೇಲೆ ಸುಮ್ಮನಾದರು. ನನ್ನ ಕೆಲವು ಮಾತುಗಳು ನಿಮಗೆ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಜಾಹೀರಾತುಗಳನ್ನು ಓದಿ ಕಲಿತವಳು. ಹಿನ್ನಂಚೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ, ನಮ್ಮಲ್ಲಿ ದೊಡ್ಡ ಕೆಲಸವೊಂದನ್ನು ಮುಗಿಸಿದವರಿಗೆ ಜೀವನದಲ್ಲಿ ಒಮ್ಮೆ ಸಿಗುವ ಮರ್ಯಾದೆ. ನನಗೆ ಸಿಕ್ಕಿದೆ. ಆದ್ದರಿಂದ ಒಂದಿಷ್ಟು ಜಂಬ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ.

ಹಿಂದೆ ಮನೆಯ ಕಂಬಗಳ ನಡುವಿನ ಜಾಗವನ್ನು ಅಂಕಣ ಎನ್ನುತ್ತಿದ್ದರಲ್ಲ, ಆ ಹೆಸರನ್ನು ನಾವು ಮಾಲಿನ ಒಂದೊಂದು ವಿಸ್ತರಣೆಗೆ ಇಟ್ಟುಕೊಂಡಿದ್ದೇವೆ. ನೀವು ಕಟ್ಟಲಿರುವ ಗಾಜಿನ ಪೆಟ್ಟಿಗೆ ನಮ್ಮ ಮೊದಲ ಅಂಕಣ. ಊರ ಹೊರಗೆ ಇಷ್ಟು ದೊಡ್ಡ ಮಾಲು ಕಟ್ಟಿದರೆ ಕಾಗೆಯೂ ಬರುವುದಿಲ್ಲ ಎಂದು ನಿಮ್ಮನ್ನು ನೋಡಿ ನಗುವವರಿದ್ದಾರೆ ಎಂದು ಬಲ್ಲೆ. ಅವರಿಗೆ ಹೇಳಿ, ಇವತ್ತು ಹುಬ್ಬಳ್ಳಿಯೇ ದೊಡ್ಡಂಗಡಿಯ ಹೊರವಲಯ. ಇಲ್ಲಿ ಕೆಳಗೆ ಅಂಗಡಿ, ಮೇಲಟ್ಟದಲ್ಲಿ ಮನೆ. ನೀವು ಕಾರು ನಿಲ್ಲಿಸಲು ತೋಡುವ ನೆಲಮಾಳಿಗೆಗಳು ಈಗ ನಮ್ಮ ಕೆರೆಗಳು. ಮಳೆಗಾಲದಲ್ಲಿ ಚಾವಣಿಯ ನೀರೆಲ್ಲ ಅಲ್ಲಿಗಿಳಿಯುತ್ತದೆ, ಬೇಸಿಗೆಯಲ್ಲಿ ಆ ನೀರಿನ ತಂಪು ಓಣಿ ಓಣಿಗೂ ಏರಿ ಬರುತ್ತದೆ. ತಾನೇ ಮೇಲೇರುವ ನಿಮ್ಮ ಮೆಟ್ಟಿಲುಗಳು ನಿಂತುಹೋಗಿ ನೂರು ವರ್ಷವಾಯಿತು. ಅವುಗಳ ಮೇಲೆ ಮಕ್ಕಳು ಸಾಲಾಗಿ ಕೂತು ಮಗ್ಗಿ ಹೇಳುತ್ತಾರೆ. ಊಟದ ಅಂಗಡಿಗಳ ಸಾಲು ಈಗ ಎಲ್ಲರಿಗೂ ಸೇರಿದ ಒಂದೇ ಅಡುಗೆಮನೆ. ಬೆಳಿಗ್ಗೆ ಅಲ್ಲಿ ರೊಟ್ಟಿ ತಟ್ಟುವ ಸದ್ದಿಗೆ ನಮಗೆ ಎಚ್ಚರವಾಗುತ್ತದೆ, ಸಂಜೆ ಗಿರ್ಮಿಟ್ಟಿನ ವಾಸನೆಗೆ ಓದುವ ಹುಡುಗರ ಮನಸ್ಸು ಕೆಡುತ್ತದೆ. ಸಂಡಿಗೆ ಒಣಹಾಕಲು ನಾಲ್ಕನೆಯ ಅಂಕಣದ ಚಾವಣಿಯಷ್ಟು ಒಳ್ಳೆಯ ಜಾಗ ಈ ಸೀಮೆಯಲ್ಲೇ ಇಲ್ಲ, ಅದಕ್ಕಾಗಿ ಅಲ್ಲಿ ಪ್ರತಿ ಬೇಸಿಗೆಯಲ್ಲೂ ಜಗಳ ತಪ್ಪಿದ್ದಲ್ಲ.

ಏಳನೆಯ ಅಂಕಣ ಬೇಕಾದದ್ದು ವ್ಯಾಪಾರಕ್ಕಲ್ಲ. ಒಂದೂವರೆ ವರ್ಷದ ಹಿಂದೆ ಕಾರವಾರದ ಕಡೆ ಸಮುದ್ರ ಒಳಕ್ಕೆ ಬಂದು ಕೂತುಬಿಟ್ಟಿತು. ಮನೆ ಕಳೆದುಕೊಂಡ ಕುಟುಂಬಗಳು ಘಟ್ಟ ಹತ್ತಿ ಬಂದು ನಮ್ಮ ಪಶ್ಚಿಮದ ಬಾಗಿಲಾಚೆ ಡೇರೆ ಹಾಕಿಕೊಂಡವು. ಮೊದಲ ಮಳೆಗಾಲದಲ್ಲಿ ಅವರ ಮಕ್ಕಳು ಕೆಸರಿನಲ್ಲಿ ಮಲಗಿದ್ದನ್ನು ಕಂಡು ನನಗೆ ಊಟ ಸೇರಲಿಲ್ಲ. ಇನ್ನೊಂದು ಮುಂಗಾರಿನೊಳಗೆ ಅವರ ತಲೆಯ ಮೇಲೆ ಸೂರು ಕಟ್ಟುತ್ತೇನೆಂದು ಅಂಕಣಸಭೆಯಲ್ಲಿ ಎದೆ ತಟ್ಟಿ ಹೇಳಿದೆ. ಉಳಿದಿದ್ದ ನೆಲ ಒಂದೇ, ಸಂತೆಯ ಬಯಲು. ಅಲ್ಲಿ ಸೊಪ್ಪಿನವರು, ಮೆಣಸಿನಕಾಯಿಯವರು, ಗಡಿಗೆಯವರು ತಲೆಮಾರುಗಳಿಂದ ಗೋಣಿತಟ್ಟು ಹಾಸಿ ಕೂತಿದ್ದರು. ನಮ್ಮಲ್ಲಿ ಒಂದು ಕಟ್ಟಳೆಯಿದೆ: ನೆಲದ ಮೇಲೆ ಕೂತವರನ್ನು ಎಬ್ಬಿಸುವಂತಿಲ್ಲ, ಅವರೇ ಏಳಬೇಕು. ಇದಕ್ಕೆ ಏಳುವೊಪ್ಪಿಗೆ ಎನ್ನುತ್ತೇವೆ. ಒಬ್ಬಳು ಏಳದಿದ್ದರೂ ಅಲ್ಲಿ ಒಂದು ಇಟ್ಟಿಗೆ ಇಡುವಂತಿಲ್ಲ.

ಸಂತೆಯವರ ಪರವಾಗಿ ಮಾತನಾಡಿದವಳು ಫಕ್ಕೀರವ್ವ. ಸೊಪ್ಪು ಮಾರುವವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿಯಂತೂ ನನಗಿಂತ ಇಪ್ಪತ್ತು ವರ್ಷ ದೊಡ್ಡದು. ಹಟ ಮಾಡುತ್ತಾಳೆಂದು ನಾನು ಸೊಂಟ ಕಟ್ಟಿ ಹೋಗಿದ್ದೆ. ಅವಳು ನಕ್ಕಳು. "ಏಳ್ತೇನಿ ಯವ್ವಾ, ನಾ ಏನ ಇಲ್ಲೇ ಬೇರು ಬಿಟ್ಟೇನೇನು? ಆ ಮಂದಿಗೆ ಸೂರು ಬೇಕು, ಅದು ಖರೇನ. ಆದ್ರ ಒಳಗ ನನ್ನ ವ್ಯಾಪಾರ ಹೆಂಗ ನಡಿತೈತಿ, ಮೊದ್ಲ ಅದನ್ನ ನೋಡೂಣು" ಎಂದಳು. ನ್ಯಾಯವಾದ ಮಾತು. ಆರನೆಯ ಅಂಕಣದಲ್ಲಿ ಅವಳಿಗೊಂದು ಮಾದರಿ ಕಟ್ಟೆ ಹಾಕಿಸಿಕೊಟ್ಟೆ.

ಇಲ್ಲಿ ತೂಗುಗಣ್ಣಿನ ಬಗ್ಗೆ ಹೇಳಲೇಬೇಕು. ಮೂರನೆಯ ಅಂಕಣದ ಕಾಲದಲ್ಲಿ ಕಳ್ಳತನ ತಡೆಯಲೆಂದು ಎಲ್ಲ ಬಾಗಿಲುಗಳಿಗೂ ಅದನ್ನು ಕೂಡಿಸಿದ್ದರು. ಒಳಗೆ ಹೋಗುವಾಗ ನಿಮ್ಮನ್ನು ತೂಗುತ್ತದೆ, ಹೊರಗೆ ಬರುವಾಗ ತೂಗುತ್ತದೆ, ಕೊಂಡದ್ದನ್ನು ಕಳೆದು ನೋಡುತ್ತದೆ. ಒಂದು ಎಲೆ ಹೆಚ್ಚಾದರೂ ಬಾಗಿಲು ಬಿಗಿಯುತ್ತದೆ. ಅದರೆದುರು ಎರಡೂ ಕೈ ಮೇಲೆತ್ತಿ ನಿಲ್ಲುವುದು ನಮಗೆಲ್ಲ ಹುಟ್ಟಿನಿಂದ ಅಭ್ಯಾಸ. ಫಕ್ಕೀರವ್ವನ ಕಟ್ಟೆಗೆ ಮೊದಲು ಬಂದವಳು ಡೇರೆಯ ದ್ರೌಪದಾ ತಾಂಡೇಲ, ಕಂಕುಳಲ್ಲಿ ಕೂಸು. ಒಂದು ಕಟ್ಟು ಮೆಂತ್ಯ ಕೊಂಡಳು. ಫಕ್ಕೀರವ್ವ ವಾಡಿಕೆಯಂತೆ ಅದರ ಮೇಲೊಂದು ಹಿಡಿ ಕೊತ್ತಂಬರಿ ಕೊಸರು ಹಾಕಿದಳು. ಬಾಗಿಲಲ್ಲಿ ತೂಗುಗಣ್ಣು ಅರಚಿತು. ಓಣಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮನೆಮಠ ಕಳೆದುಕೊಂಡು ಬಂದ ಆ ಹೆಣ್ಣುಮಗಳು ಕಳ್ಳಿಯ ಹಾಗೆ ಕೈಯೆತ್ತಿ ನಿಂತು ಅಳತೊಡಗಿದಳು.

ಫಕ್ಕೀರವ್ವ ಸೆರಗು ಬಿಗಿದು ಬಂದಳು. "ನನ್ನ ಕೈಲೆ ನಾ ಕೊಟ್ಟ ಕೊತ್ತಂಬರಿ ಕಳುವು ಹೆಂಗಾತು? ಬಿಡು ಆಕಿನ್ನ!" ಎಂದು ಬಾಗಿಲಿಗೇ ಬೈದಳು. ಬಾಗಿಲು ಕೇಳಲಿಲ್ಲ. ಆ ಕೊತ್ತಂಬರಿಯನ್ನು ವಾಪಸು ಇಟ್ಟ ಮೇಲೆಯೇ ತೆರೆಯಿತು. ಅವಳು ಬುಟ್ಟಿ ತಲೆಗೇರಿಸಿ ನೇರ ಬಯಲಿಗೆ ಹೋಗಿ, ಗೋಣಿತಟ್ಟು ಹಾಸಿ ಕೂತಳು. ಕೊಸರಿಲ್ಲದ ಕಡೆ ಬರುವುದಿಲ್ಲ ಎಂದಳು. ಅವಳ ಹಿಂದೆ ಇಡೀ ಸಂತೆ ಕೂತಿತು. ಮುಂಗಾರಿಗೆ ಉಳಿದದ್ದು ಎಂಟೇ ತಿಂಗಳು.

ನಮ್ಮ ಯಂತ್ರದವರು ಬುದ್ಧಿವಂತರು. ತೂಗುಗಣ್ಣಿಗೆ ಕೊಸರಿನ ಗುಂಡಿಯೊಂದನ್ನು ಮಾಡಿಕೊಂಡು ಬಂದರು. ಒತ್ತಿದರೆ ನೂರಕ್ಕೆ ಐದರಂತೆ ಹೆಚ್ಚಿಗೆ ಬಿಡುತ್ತದೆ. ಅವರ ಪೈಕಿ ಅದನ್ನು ತೋರಿಸಲು ಹೋದ ಹುಡುಗ ಪ್ರಾಣೇಶನಿಗೆ ಫಕ್ಕೀರವ್ವ ಚಹಾ ಕೊಟ್ಟು ಕೂರಿಸಿ ಹೇಳಿದಳು: "ಅಳತಿ ಮಾಡಿ ಕೊಟ್ರ ಅದು ಮಾರೂ ಮಾಲಪಾ ತಮ್ಮಾ, ಕೊಸರಲ್ಲ. ಬಸರಿ ಹೆಣಮಗಳು ಬಂದ್ರ ಎರಡು ಹಿಡಿ ಹಾಕ್ತೇನಿ. ನಿನ್ನಂಥಾವ ಬಂದ್ರ ಒಂದ ಎಸಳು. ಇದನ್ನ ನಿನ್ನ ಗುಂಡಿಗೆ ಹೆಂಗ ಕಲಸ್ತಿ?" ಪ್ರಾಣೇಶ ಒಂದು ಎಸಳು ಕರಿಬೇವು ಹಿಡಿದುಕೊಂಡು ವಾಪಸು ಬಂದ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಡೇರೆಯಲ್ಲಿ ದ್ರೌಪದಾಳ ಕೂಸಿಗೆ ಆಗಲೇ ಕೆಮ್ಮು ಹಿಡಿದಿತ್ತು.

ಉಳಿದ ದಾರಿ ಒಂದೇ, ತೂಗುಗಣ್ಣನ್ನೇ ಕೀಳುವುದು. ಸಭೆಯ ಅಧ್ಯಕ್ಷ ಗುರುಶಾಂತಪ್ಪನವರು ಕೇಳಿದ ಕೂಡಲೇ ಎದ್ದು ನಿಂತರು. "ಕಣ್ಣು ಕಿತ್ತರ ಸಂಜಿಯೊಳಗ ಅಂಗಡಿ ಖಾಲಿ ಅಕ್ಕಾವು, ಚಂಪಾವತಿ. ಬೇಲಿ ಕಿತ್ತು ಬೆಳೆ ಕಾಯ್ತಿಯೇನು?" ನಾನೂ ಬಿಡಲಿಲ್ಲ. ಮಳೆ ಬಂದ ಮೇಲೆ ಡೇರೆಗೆ ಹೋಗಿ ಈ ಮಾತನ್ನು ಹೇಳುವವರು ನೀವೇ ಆಗಬೇಕು ಎಂದೆ. ಒಳ್ಳೆಯ ಮನುಷ್ಯ, ಹೆದರಿಕೆಯ ಮನುಷ್ಯ. ಕೊನೆಗೆ ಒಂದು ಸಂತೆವಾರದ ಮಟ್ಟಿಗೆ ಎಲ್ಲ ಕಣ್ಣುಗಳಿಗೂ ಬಟ್ಟೆ ಕಟ್ಟಲು ಒಪ್ಪಿದರು.

ಆ ದಿನವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಬೆಳಿಗ್ಗೆ ಎಲ್ಲರೂ ಅಳುಕುತ್ತ ಬಂದರು. ದ್ರೌಪದಾ ಮೆಂತ್ಯ, ಕೊತ್ತಂಬರಿ ಹಿಡಿದು ಬಾಗಿಲವರೆಗೆ ಹೋದವಳು ಹಿಂದಿನ ಹೆದರಿಕೆಯಿಂದ ನಿಂತು ಕೈಯೆತ್ತಿದಳು. ಆ ದಿನದ ಮಟ್ಟಿಗೆ ಮಾದರಿ ಕಟ್ಟೆಗೆ ಮರಳಿದ್ದ ಫಕ್ಕೀರವ್ವ ಒಳಗಿನಿಂದ ಕೂಗಿದಳು, "ಕೈ ಇಳಸವ್ವಾ, ನಡಿ! ಯಾರೂ ನೋಡಾಂಗಿಲ್ಲ ಇವತ್ತ!" ಆಕೆ ಕೈಯಿಳಿಸಿ ಹೊಸ್ತಿಲು ದಾಟಿದಾಗ ಇಡೀ ಓಣಿ ಸಿಳ್ಳೆ ಹಾಕಿತು. ಆಮೇಲೆ ನೋಡಬೇಕಿತ್ತು ಗಮ್ಮತ್ತು. ಸೊಪ್ಪಿನವಳಿಗಿಂತ ತಾನೇನು ಕಡಿಮೆ ಎಂದು ದರ್ಜಿಯವನು ಬಂದವರ ಕಿತ್ತುಹೋದ ಗುಂಡಿಗಳನ್ನೆಲ್ಲ ಪುಕ್ಕಟೆ ಹೊಲಿದ. ಕನ್ನಡಕದವನು ಮುದುಕರಿಗೆ ಪತ್ರಿಕೆ ಓದಿ ಹೇಳಿದ. ಕ್ಷೌರದ ಅಂಗಡಿಯಲ್ಲಿ ಕೊಸರೆಂದು ತಲೆ ತಿಕ್ಕಿಸಿಕೊಂಡವರು ಅಲ್ಲಿಯೇ ನಿದ್ದೆ ಹೋದರು. ಸಮುದ್ರದ ಜನ ತಾವೂ ಒಂದು ಮೂಲೆಯಲ್ಲಿ ಒಣಮೀನು ಹರಡಿ, ಕೊಂಡವರಿಗೂ ಕೊಳ್ಳದವರಿಗೂ ಹಂಚಿದರು. ಕಳುವೇ ಆಗಲಿಲ್ಲವೆಂದರೆ ಸುಳ್ಳಾದೀತು, ಒಂದು ಜೊತೆ ಚಪ್ಪಲಿ ಹೋಯಿತು. ಅದು ಗುರುಶಾಂತಪ್ಪನವರದೇ. ಬರಿಗಾಲಲ್ಲಿ ಸಭೆಗೆ ಬಂದು, ಕಣ್ಣುಗಳನ್ನು ಕೀಳುವ ಠರಾವಿಗೆ ಅವರೇ ಮೊದಲ ಸಹಿ ಹಾಕಿದರು.

ಮುಂದಿನ ಸಂತೆವಾರ ಫಕ್ಕೀರವ್ವ ಬಯಲಿನ ನಡುವೆ ಮೊಣಕಾಲು ಹಿಡಿದುಕೊಂಡು ಎದ್ದಳು. ಗೋಣಿತಟ್ಟಿನ ಧೂಳು ಝಾಡಿಸಿದಳು. ಅವಳ ಹಿಂದೆ ಇಡೀ ಸಂತೆ ಎದ್ದಿತು. ನಾನು ಎಲ್ಲರೆದುರು ಗೊಳೋ ಎಂದು ಅತ್ತೆ, ನಾಚಿಕೆಯೇನಿಲ್ಲ. ಎದ್ದವಳು ಸುಮ್ಮನೆ ಹೋದಳೇ? ನನ್ನ ನಕ್ಷೆ ನೋಡಿ, "ಇಷ್ಟು ಕಟ್ಟತಿ, ಖರೆ. ಕೊಸರು ಎಲ್ಲೈತಿ?" ಎಂದಳು. ಆಮೇಲೆ ತಾನೇ ನಕ್ಷೆಯ ಗೆರೆ ದಾಟಿ ನಡೆಯುತ್ತ ಹೋಗಿ, ಮನಸ್ಸು ಬಂದಲ್ಲಿ ಬುಟ್ಟಿ ಇಳಿಸಿದಳು. ಅಲ್ಲಿಯವರೆಗೂ ಕಟ್ಟಿದೆವು. ಆ ಹೆಚ್ಚುವರಿ ಜಾಗಕ್ಕೆ ಕೊಸರಂಗಳ ಎಂದು ಹೆಸರು. ಅಲ್ಲಿ ಏನನ್ನೂ ಮಾರುವಂತಿಲ್ಲ, ಯಾರು ಬೇಕಾದರೂ ಎಷ್ಟು ಹೊತ್ತಾದರೂ ಕೂರಬಹುದು. ಅದರ ಅಳತೆಯನ್ನು ಯಾರೂ ತೆಗೆದಿಲ್ಲ.

ಇವತ್ತು ಬೆಳಿಗ್ಗೆ ಏಳನೆಯ ಅಂಕಣದ ಬಾಗಿಲು ತೆರೆಯಿತು. ಮುಂಗಾರು ಇನ್ನೂ ಕೇರಳವನ್ನೂ ಮುಟ್ಟಿಲ್ಲ. ಮೇಲಟ್ಟದ ಮನೆಮನೆಯಲ್ಲೂ ಒಲೆ ಹತ್ತಿದೆ, ನನ್ನ ಕಿಟಕಿಗೆ ಮೀನಿನ ಸಾರಿನ ವಾಸನೆ ಬರುತ್ತಿದೆ. ದ್ರೌಪದಾಳ ಕೂಸು ಕೊಸರಂಗಳದಲ್ಲಿ ಹೆಜ್ಜೆಯಿಡಲು ಕಲಿಯುತ್ತಿದೆ, ಕೆಮ್ಮು ನಿಂತಿದೆ. ಗೆದ್ದೆವು, ಹಿರಿಯರೇ. ಇದಕ್ಕಿಂತ ಸಣ್ಣ ಮಾತು ನನಗೆ ಹೊಳೆಯುತ್ತಿಲ್ಲ.

ಇನ್ನು ನನ್ನ ಬೇಡಿಕೆ. ನಾಳೆ ನೀವು ಮೊದಲ ಬೇಲಿ ಹಾಕಲು ಆ ನೆಲಕ್ಕೆ ಹೋಗುತ್ತೀರಿ. ರಸ್ತೆಯ ಕಡೆಯ ಮೂಲೆಯಲ್ಲಿ ಒಬ್ಬಳು ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾಳೆ. ನಿಮ್ಮ ಹಳೆಯ ಜಾಹೀರಾತಿನ ಚಿತ್ರವೊಂದರ ಅಂಚಿನಲ್ಲಿ ಅವಳನ್ನು ಕಂಡಿದ್ದೇನೆ. ನಿಮ್ಮ ನಕ್ಷೆಯ ಒಂದು ಪ್ರತಿಯೂ ನನ್ನ ಬಳಿ ಇದೆ, ಅದರಲ್ಲಿ ಅವಳಿಲ್ಲ. ಅವಳನ್ನು ನೀವು ಏನು ಮಾಡಿದಿರೋ ನಮಗೆ ಯಾರೂ ಹೇಳಿಲ್ಲ, ಹೇಳಬೇಕಾದವರು ನೀವೇ. ದಯವಿಟ್ಟು ಗಾಡಿಯನ್ನು ದೂರ ನಿಲ್ಲಿಸಿ. ಅವಳ ಎದುರು ಕುಕ್ಕರಗಾಲಲ್ಲಿ ಕೂತು ಒಂದು ಕಟ್ಟು ಸೊಪ್ಪು ಕೊಳ್ಳಿ. ಆಮೇಲೆ ನಿಮ್ಮ ಮಾಲಿನ ವಿಷಯ ಹೇಳಿ, ಏಳುತ್ತೀಯಾ ತಾಯಿ ಎಂದು ಕೇಳಿ. ಅವಳು ಕೊಸರು ಹಾಕಿ ಕಳಿಸಿದರೆ ಕೆಲಸ ಶುರುಮಾಡಿ. ಹಾಕದಿದ್ದರೆ, ಮರುದಿನ ಇನ್ನೊಮ್ಮೆ ಹೋಗಿ.

ನಿಮ್ಮ ಮುಂದಿನವಳು,
ಚಂಪಾವತಿ ಬಾರಕೇರ