ಊರಮ್ಮನ ತಲೆಯ ಪಟ

ಕುರುಗೋಡು, 1951

ಜಡೆಮ್ಮ,

ನೀನು ಸಿರುಗುಪ್ಪದಲ್ಲಿ ತೀರಿಕೊಂಡ ಸುದ್ದಿ ಹೋದ ಸುಗ್ಗಿಯಲ್ಲೇ ಬಂತು. ಆದರೂ ಬರೆಯುತ್ತಿದ್ದೇನೆ.

ಇವತ್ತು ಮೊಮ್ಮಗಳು ಊರಮ್ಮನನ್ನು ಬಳ್ಳಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವಳ ನೆತ್ತಿಯ ಪಕ್ಕದ ತಗ್ಗು ಇನ್ನೂ ದೊಡ್ಡದಾಗಿದೆ. ಮೀಸೆ ಸರಿಯಾಗಿ ಮೂಡದ ಡಾಕ್ಟರು ಎಕ್ಸ್‌ರೇ ತೆಗೆಸಿ, ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆಳ್ಳಗಿನ ಬುರುಡೆಯಲ್ಲಿ ಇಲಿ ಕಡಿದ ರೊಟ್ಟಿಯಂತೆ ಕರಿ ತೂತುಗಳು.

"ಕೂಸಿದ್ದಾಗ ಎಣ್ಣಿ ಹಚ್ಚಿ ಎರದು ತಲಿ ತಿದ್ದಿದಾಕಿ ಒತ್ತಿ ಒತ್ತಿ ಹಿಂಗ ಮಾಡ್ಯಾಳ್ರಿ," ಅಂದೆ.

ನಮ್ಮ ಓಣಿಯಲ್ಲಿ ನಿಂತು ನಿನಗೆ ಅಂದದ್ದೂ ಇದನ್ನೇ. ಆಮೇಲೆ ಯಾರೂ ಕೂಸಿಗೆ ಎರೆಯಲು ನಿನ್ನನ್ನು ಕರೆಯಲಿಲ್ಲ. ನೀನು ಊರು ಬಿಟ್ಟೆ. ತಿರುಗಿ ಬೈಯಲು ನಿನಗೇನು ಬಾಯಿ ಇರಲಿಲ್ಲವೇ?

ಡಾಕ್ಟರು ತಲೆ ಆಡಿಸಿದರು. "ಕೈಯಿಂದ ಆಗೋದಲ್ಲಜ್ಜಿ ಇದು. ಎಲುಬು ತಿನ್ನೋ ರೋಗ, ಭಾಳ ಅಪರೂಪದ್ದು. ಮದ್ರಾಸಿಗೆ ಒಯ್ಯಬೇಕು, ಉಳದಾಳು. ಅಲ್ಲೀತನಕ ತಲಿ ಭಾಳ ಹಗೂರ ತೊಳೀಬೇಕು. ಕೈ ಪಳಗಿದೋರು ಯಾರಾರ ಅದಾರೇನ್ರಿ?"

"ಒಬ್ಬಾಕಿ ಅದಾಳ್ರಿ."

"ಕರಸ್ರಿ ಮತ್ತ."

ಹೂಂ ಅಂದೆ, ಜಡೆಮ್ಮ. ನೀನಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.